ಮಾರ್ಕನ ಸುವಾರ್ತೆಯನ್ನು ಅದರ ಕಾಲದಲ್ಲಿಟ್ಟು ಓದುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಬಲ್ ಓದುವ ಗುಂಪುಗಳಲ್ಲಿ ಮಾರ್ಕನ ಸುವಾರ್ತೆ ಕೈಗೆತ್ತಿಕೊಂಡಾಗಲೆಲ್ಲ ಒಂದಷ್ಟು ಪ್ರಶ್ನೆಗಳು ಬಂದೇ ಬರುತ್ತವೆ. ಅವನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ಪಕ್ಕದಲ್ಲಿ ಬೈಬಲ್ ತೆರೆದಿಟ್ಟುಕೊಂಡು ಓದಿ. ವಚನ ನೋಡದೆ ಬರೀ ವಿವರಣೆ ಓದಿದರೆ ಅರ್ಧ ಪ್ರಯೋಜನವೂ ಇಲ್ಲ. ಕಥೋಲಿಕರು ಶುಭಸಂದೇಶ ಅನ್ನುವುದನ್ನೇ, ಅಂದರೆ ಯೇಸುವಿನ ಕಥೆ ಹೇಳುವ ಪುಸ್ತಕವನ್ನೇ, ಇಲ್ಲಿ ಸುವಾರ್ತೆ ಅಂದಿದ್ದೇನೆ. ಆವರಣದಲ್ಲಿ 7:3 ಅಂತ ಇದ್ದರೆ ಅಧ್ಯಾಯ 7, ವಚನ 3.

ಐತಿಹಾಸಿಕ, ಸಾಮಾಜಿಕ ಹಿನ್ನೆಲೆಯಲ್ಲಿ ಓದುವುದು ಅಂದರೆ ಏನು?

ಬರೆದವನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನೋ ಆ ಜನ ಹೇಗೆ ಬದುಕುತ್ತಿದ್ದರು ಅಂತ ಮೊದಲು ತಿಳಿದುಕೊಳ್ಳುವುದು. ಅವರು ಏನು ಉಣ್ಣುತ್ತಿದ್ದರು, ತೆರಿಗೆ ಯಾರಿಗೆ ಕಟ್ಟುತ್ತಿದ್ದರು, ಯಾರ ಹೆಸರು ಕೇಳಿದರೆ ಹೆದರುತ್ತಿದ್ದರು, ಯಾವ ಮಾತಿಗೆ ಸಿಟ್ಟಾಗುತ್ತಿದ್ದರು? ಇಷ್ಟು ಗೊತ್ತಾದರೆ ಕಥೆಯ ಎಷ್ಟೋ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಸಾಮಗ್ರಿಯೂ ಇದೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ನೆಲ ಅಗೆದಾಗ ಸಿಕ್ಕ ಮನೆ, ನಾಣ್ಯ, ಪಾತ್ರೆ, ಶಾಸನಗಳಿವೆ. ಯೆಹೂದಿ ಧರ್ಮಗುರುಗಳ ಚರ್ಚೆಗಳು ಬರಹದಲ್ಲಿ ಉಳಿದಿವೆ.

ಮಾರ್ಕನ ಮಟ್ಟಿಗೆ ಇದೇನೂ ಹೊರಗಿಂದ ತಂದು ಹಾಕುವ ವಿಷಯ ಅಲ್ಲ. ದೋಣಿ, ಬಲೆ, ಸುಂಕದ ಕಟ್ಟೆ, ರೊಟ್ಟಿ, ಕೂಲಿಯಾಳು, ಗೇಣಿದಾರ ಅಂತ ಅವನೇ ಹೇಳುತ್ತಾ ಹೋಗುತ್ತಾನೆ. ನಾವು ಉಪದೇಶದ ಮಾತು ಹುಡುಕುವ ಅವಸರದಲ್ಲಿ ಅದನ್ನೆಲ್ಲ ದಾಟಿ ಓಡುತ್ತೇವೆ ಅಷ್ಟೆ.

ನಾಲ್ಕು ಸುವಾರ್ತೆಗಳಿವೆ. ಮಾರ್ಕನದೇ ಯಾಕೆ?

ಚಿಕ್ಕದು, 16 ಅಧ್ಯಾಯ. ಒಂದೇ ಕೂರಿನಲ್ಲಿ ಓದಿ ಮುಗಿಸಬಹುದು. ನಾಲ್ಕರಲ್ಲಿ ಇದೇ ಮೊದಲು ಬರೆದದ್ದು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಮಾರ್ಕನಲ್ಲಿ ಇರುವುದರಲ್ಲಿ ಸುಮಾರು ನೂರಕ್ಕೆ ತೊಂಬತ್ತು ಪಾಲು ಮತ್ತಾಯನಲ್ಲೂ ಬರುತ್ತದೆ, ಅದೂ ಬಹಳ ಕಡೆ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಹಾಗಾಗಿ ಒಂದು ಕಥೆಯನ್ನು ಮೊದಲು ಮಾರ್ಕನಲ್ಲಿ ಓದಿ, ಆಮೇಲೆ ಮತ್ತಾಯ, ಲೂಕರಲ್ಲಿ ಓದಿ ನೋಡಿ. ಅವರು ಏನು ಸೇರಿಸಿದರು, ಏನು ಬಿಟ್ಟರು ಅಂತ ಗೊತ್ತಾಗುತ್ತದೆ. ಇನ್ನೊಂದು ಕಾರಣ ನನ್ನ ಸ್ವಂತದ್ದು: ಮಾರ್ಕ ನಯ ಮಾಡುವುದಿಲ್ಲ. ಶಿಷ್ಯರ ದಡ್ಡತನ, ಯೇಸುವಿನ ಸಿಟ್ಟು, ದಣಿವು, ಎಲ್ಲವನ್ನೂ ಇದ್ದ ಹಾಗೇ ಇಡುತ್ತಾನೆ.

ಬರೆದವನು ಯಾರು? ಯಾವಾಗ, ಎಲ್ಲಿ?

ಪುಸ್ತಕದ ಒಳಗೆ ಎಲ್ಲೂ ಬರೆದವನ ಹೆಸರಿಲ್ಲ. ಎರಡನೇ ಶತಮಾನದ ಆರಂಭದಲ್ಲಿದ್ದ ಪಾಪಿಯಾಸ್ ಎಂಬ ಬಿಷಪ್‌ನ ಮಾತು ಒಂದು ಉಳಿದು ಬಂದಿದೆ. ಮಾರ್ಕ ಅನ್ನುವವನು ಯೇಸುವಿನ ಶಿಷ್ಯ ಪೇತ್ರನ ದುಭಾಷಿಯಾಗಿದ್ದ, ನೆನಪಿದ್ದದ್ದನ್ನು ಸರಿಯಾಗಿಯೇ ಬರೆದ, ಆದರೆ ಕ್ರಮವಾಗಿ ಅಲ್ಲ ಅಂತ. ಅಲ್ಲಿಂದಲೇ ಬರೆದದ್ದು ರೋಮ್‌ನಲ್ಲಿ ಅನ್ನುವ ಸಂಪ್ರದಾಯ ಬೆಳೆಯಿತು. ಸಿರಿಯಾದಲ್ಲಿ ಅನ್ನುವವರೂ ಇದ್ದಾರೆ.

ಪುಸ್ತಕದಲ್ಲೇ ಕೆಲವು ಸುಳಿವುಗಳಿವೆ. ಕೈ ತೊಳೆಯುವ ಯೆಹೂದಿ ಪದ್ಧತಿಯನ್ನು ಅವನು ನಿಂತು ವಿವರಿಸುತ್ತಾನೆ (7:3-4). ಅಂದರೆ ಕೇಳುಗರಲ್ಲಿ ಯೆಹೂದಿಯರಲ್ಲದವರು ಇದ್ದರು. ವಿಧವೆಯ ಎರಡು ಕಾಸಿನ ಬೆಲೆಯನ್ನು ರೋಮನ್ ನಾಣ್ಯದ ಲೆಕ್ಕದಲ್ಲಿ ಹೇಳುತ್ತಾನೆ (12:42). ಯೇಸುವಿನ ಶಿಲುಬೆ ಹೊತ್ತ ಕುರೇನೆಯ ಸೀಮೋನನನ್ನು ಅಲೆಕ್ಸಾಂದ್ರ, ರೂಫ ಇವರ ತಂದೆ ಅಂತ ಗುರುತು ಹೇಳುತ್ತಾನೆ (15:21). ಆ ಇಬ್ಬರು ಮಕ್ಕಳು ಕೇಳುಗರಿಗೆ ಪರಿಚಯದವರೇ ಇರಬೇಕು. ಇಲ್ಲದಿದ್ದರೆ ಆ ಹೆಸರುಗಳಿಗೆ ಅಲ್ಲಿ ಕೆಲಸವೇ ಇಲ್ಲ, ಅಲ್ವಾ?

ಕಾಲ ಸುಮಾರು ಕ್ರಿ.ಶ. 65ರಿಂದ 75ರ ನಡುವೆ. ಯೆರೂಸಲೇಮಿನ ದೇವಾಲಯ ನಾಶವಾದ ಕ್ರಿ.ಶ. 70ಕ್ಕೆ ಸ್ವಲ್ಪ ಮುಂಚೆಯೋ ಆಮೇಲೋ ಅನ್ನುವುದೇ ದೊಡ್ಡ ಚರ್ಚೆ. ಅದಕ್ಕೆ ಕೆಳಗೆ ಬರುತ್ತೇನೆ.

ಮೊದಲನೇ ಶತಮಾನದ ಮಾರ್ಕನ ಪ್ರತಿ ಸಿಕ್ಕಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜಾನಾ?

ಇಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಲದ ಕಾಗದ) ಚೂರಿನ ಬಗ್ಗೆ ಹಲವು ವರ್ಷ ಆ ಸುದ್ದಿ ಓಡಾಡಿತು. 2018ರಲ್ಲಿ ಅದು ಪ್ರಕಟವಾದಾಗ ಎರಡನೇ ಶತಮಾನದ ಕೊನೆ ಅಥವಾ ಮೂರನೇ ಶತಮಾನದ ಆರಂಭದ್ದು ಅಂತ ಗೊತ್ತಾಯಿತು. ಮೊದಲ ಅಧ್ಯಾಯದ ಕೆಲವೇ ವಚನಗಳ ತುಣುಕು ಅದರಲ್ಲಿದೆ. ಅಷ್ಟು ಹಳೆಯದಾಗಿರುವುದೇ ದೊಡ್ಡ ವಿಷಯ. ಅದಕ್ಕೆ ಇಲ್ಲದ ವಯಸ್ಸು ಸೇರಿಸಬೇಕಾಗಿಲ್ಲ.

ಯೇಸು ಓಡಾಡಿದ ಗಲಿಲಾಯ ಯಾರ ಆಳ್ವಿಕೆಯಲ್ಲಿತ್ತು? ರೋಮನ್ ಸೈನಿಕರು ಬೀದಿ ಬೀದಿಯಲ್ಲಿ ಇದ್ದರಾ?

ಸಿನಿಮಾಗಳಲ್ಲಿ ಹಾಗೆ ತೋರಿಸುತ್ತಾರೆ, ಆದರೆ ಗಲಿಲಾಯದಲ್ಲಿ ಹಾಗಿರಲಿಲ್ಲ. ಅಲ್ಲಿ ಕ್ರಿ.ಪೂ. 4ರಿಂದ ಕ್ರಿ.ಶ. 39ರವರೆಗೆ ಆಳಿದವನು ಹೆರೋದ ಅಂತಿಪ. ರೋಮಿನ ಕೈಗೊಂಬೆ ಅನ್ನಿ, ಆದರೆ ತೆರಿಗೆ ಎತ್ತುತ್ತಿದ್ದವನು ಅವನೇ. ಗಲಿಲಾಯ, ಯೊರ್ದನ್ ಹೊಳೆಯಾಚೆಯ ಪೆರಾಯ ಎರಡೂ ಸೇರಿ ವರ್ಷಕ್ಕೆ 200 ತಲಾಂತು (ಆ ಕಾಲದ ದೊಡ್ಡ ಹಣದ ಲೆಕ್ಕ) ಅವನಿಗೆ ಸಲ್ಲುತ್ತಿತ್ತು ಅಂತ ಜೋಸೆಫಸ್ ಬರೆಯುತ್ತಾನೆ. ದಕ್ಷಿಣಕ್ಕೆ, ಯೆರೂಸಲೇಮ್ ಇರುವ ಯೂದಾಯದ ಕಥೆ ಬೇರೆ. ಅಲ್ಲಿ ಕ್ರಿ.ಶ. 6ರಿಂದ ರೋಮ್ ನೇರವಾಗಿ ಅಧಿಕಾರಿಯನ್ನು ಇಟ್ಟು ಆಳುತ್ತಿತ್ತು. ಕ್ರಿ.ಶ. 26ರಿಂದ 36ರವರೆಗೆ ಆ ಜಾಗದಲ್ಲಿದ್ದವನು ಪಿಲಾತ. 1961ರಲ್ಲಿ ಕೈಸರೈಯದಲ್ಲಿ ಅವನ ಹೆಸರಿನ ಶಾಸನವೂ ಸಿಕ್ಕಿದೆ.

ಅಂತಿಪ ಎರಡು ಪಟ್ಟಣ ಕಟ್ಟಿಸಿದ. ಒಂದು ನಜರೇತಿನಿಂದ ಆರೇ ಕಿಲೋಮೀಟರ್ ದೂರದ ಸೆಫೋರಿಸ್. ಇನ್ನೊಂದು ಗಲಿಲಾಯ ಸರೋವರದ ದಡದ ತಿಬೇರಿಯ. ಮಾರ್ಕನಲ್ಲಿ ಈ ಎರಡರ ಹೆಸರೂ ಒಮ್ಮೆಯೂ ಬರುವುದಿಲ್ಲ. ಯೇಸು ಹಳ್ಳಿ ಹಳ್ಳಿ ಸುತ್ತುತ್ತಾನೆ, ಪರಸ್ಥಳಗಳ ಗಡಿಗೂ ಹೋಗುತ್ತಾನೆ, ಪಕ್ಕದಲ್ಲೇ ಇರುವ ಅರಸನ ಪಟ್ಟಣಕ್ಕೆ ಕಾಲಿಟ್ಟ ಕಥೆ ಇಲ್ಲ. ಸ್ನಾನಿಕನಾದ ಯೋಹಾನನಿಗೆ ಆದ ಗತಿ ನೋಡಿದರೆ (ಅಂತಿಪ ಅವನನ್ನು ಕೊಲ್ಲಿಸಿದ, ಆ ಕಥೆ ಕೆಳಗೆ ಬರುತ್ತದೆ) ಇದು ಸುಮ್ನೆ ಆದದ್ದು ಅಂತ ನನಗೆ ಅನಿಸುವುದಿಲ್ಲ.

ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ ಇವರೆಲ್ಲ ಕಡುಬಡವರಾ?

ಮೀನುಗಾರರಾಗಿದ್ದ ಈ ನಾಲ್ವರು ಶಿಷ್ಯರು ಕಡುಬಡವರಲ್ಲ, ಉಳ್ಳವರೂ ಅಲ್ಲ. ಯಾಕೋಬ, ಯೋಹಾನರ ತಂದೆ ಜೆಬೆದಾಯನಿಗೆ ಸ್ವಂತ ದೋಣಿ ಇತ್ತು, ಕೂಲಿಯಾಳುಗಳೂ ಇದ್ದರು (1:20). ಆದರೆ ಮೀನು ಹಿಡಿಯುವುದಕ್ಕೂ ಅದನ್ನು ಸಾಗಿಸುವುದಕ್ಕೂ ಆಳುವವರಿಗೆ ಪಾಲು ಕೊಡಬೇಕಾಗಿತ್ತು. ಹಿಡಿದ ಮೀನಿನಲ್ಲಿ ಒಂದಷ್ಟು ಉಪ್ಪು ಹಾಕಿ ಮಾರಾಟಕ್ಕೆ ಹೋಗುತ್ತಿತ್ತು. ಆ ಕೆಲಸಕ್ಕೆ ಹೆಸರಾದ ಊರು ಮಗ್ದಲ.

1986ರ ಜನವರಿಯಲ್ಲಿ, ಬರಗಾಲಕ್ಕೆ ಸರೋವರದ ನೀರು ಇಳಿದಿದ್ದಾಗ, ಅದರ ವಾಯವ್ಯ ದಡದ ಗಿನೋಸರ್‌ನ ಇಬ್ಬರು ಅಣ್ಣತಮ್ಮಂದಿರಿಗೆ ಕೆಸರಿನಲ್ಲಿ ಒಂದು ಹಳೆಯ ದೋಣಿ ಕಾಣಿಸಿತು. ಅವರೂ ಮೀನುಗಾರರೇ. ದೋಣಿ ಮೊದಲನೇ ಶತಮಾನದ ಆಸುಪಾಸಿನದು. ಉದ್ದ ಸುಮಾರು 8 ಮೀಟರ್, ಅಗಲ 2.3 ಮೀಟರ್. ಒಳ್ಳೆಯ ಬಡಗಿ ಮಾಡಿದ ಕೆಲಸ, ಆದರೆ ಮರ ಮಾತ್ರ ಸಿಕ್ಕಸಿಕ್ಕದ್ದು. ಹತ್ತು ಹನ್ನೆರಡು ಬಗೆಯ ಮರದ ತುಂಡುಗಳು ಅದರಲ್ಲಿವೆ. ಕೆಲವು ಬೇರೆ ಹಳೇ ದೋಣಿಯಿಂದ ಕಿತ್ತು ತಂದವು. ತೇಪೆಯ ಮೇಲೆ ತೇಪೆ. ಇನ್ನು ಆಗುವುದೇ ಇಲ್ಲ ಅಂದಾಗ ಬೇಕಾದ ಭಾಗ ಕಳಚಿಕೊಂಡು ಉಳಿದದ್ದನ್ನು ನೀರಿಗೆ ಬಿಟ್ಟಿದ್ದಾರೆ. ಅದು ಯೇಸುವಿನ ದೋಣಿ ಅಂತ ಹೇಳುವುದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಅಂಥದ್ದೊಂದು ದೋಣಿಯ ಹಿಂಭಾಗದಲ್ಲಿ ಯೇಸು ದಿಂಬಿಗೆ ತಲೆ ಕೊಟ್ಟು ಮಲಗಿದ್ದ (4:38) ಅಂತ ಓದುವಾಗ ಬಿರುಗಾಳಿಯ ಹೆದರಿಕೆ ಎಷ್ಟಿತ್ತು ಅಂತ ಅರ್ಥವಾಗುತ್ತದೆ. ಆ ದೋಣಿ ಒಡೆದರೆ ಜೀವದ ಜೊತೆ ಜೀವನೋಪಾಯವೂ ಮುಳುಗಿದ ಹಾಗೆ.

ಪಾರ್ಶ್ವವಾಯು ರೋಗಿಯನ್ನು ಚಾವಣಿ ತೋಡಿ ಇಳಿಸಿದರು ಅಂತ ಇದೆಯಲ್ಲ. ಚಾವಣಿ ತೋಡುವುದು ಹೇಗೆ ಸಾಧ್ಯ?

ಆರ್‌ಸಿಸಿ ಮನೆಯಲ್ಲಿ ಕೂತು ಓದಿದರೆ ವಿಚಿತ್ರ ಅನಿಸುತ್ತದೆ. ವಿಜಯಪುರ, ಕಲಬುರಗಿ ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಅನಿಸುವುದಿಲ್ಲ. ಈ ಕಥೆ ನಡೆದ ಊರು ಕಪೆರ್ನೌಮಿನಲ್ಲಿ ಅಗೆದಾಗ ಸಿಕ್ಕ ಮನೆಗಳ ಗೋಡೆ ಕರಿಕಲ್ಲಿನದು, ಒರಟಾಗಿ ಜೋಡಿಸಿದ್ದು. ಭಾರದ ಚಾವಣಿ ಹೊರುವ ಶಕ್ತಿ ಅದಕ್ಕಿರಲಿಲ್ಲ. ಮೇಲೆ ಮರದ ಕೊಂಬೆ, ಜೊಂಡು, ಅದರ ಮೇಲೆ ಮಣ್ಣಿನ ಮೆತ್ತನೆ. ಒಂದು ಅಂಗಳದ ಸುತ್ತ ಮೂರು ನಾಲ್ಕು ಸಂಸಾರ. ಮೇಲೆ ಹತ್ತುವುದಕ್ಕೆ ಹೊರಗಿಂದಲೇ ಮೆಟ್ಟಿಲು.

ಈಗ 2:4 ಓದಿ. ತೋಡಿದರು ಅಂತಲೇ ಇದೆ. ಕೆಳಗೆ ಕೂತವರ ತಲೆ ಮೇಲೆ ಮಣ್ಣು ಉದುರಿರಬೇಕು. ಲೂಕ ಇದೇ ಕಥೆ ಹೇಳುವಾಗ ಹಂಚು ತೆಗೆದು ಇಳಿಸಿದರು ಅನ್ನುತ್ತಾನೆ (ಲೂಕ 5:19). ಅವನ ಓದುಗರು ಪಟ್ಟಣದವರು, ಅವರಿಗೆ ಗೊತ್ತಿದ್ದದ್ದು ಹಂಚಿನ ಮನೆ. ಮಾರ್ಕನ ಮಾತು ಗಲಿಲಾಯದ ಹಳ್ಳಿಗೆ ಹತ್ತಿರ ಇದೆ. ಮಣ್ಣಿನ ಮಾಳಿಗೆ ಹಾಳಾದರೆ ಮಳೆಗಾಲಕ್ಕೆ ಮುಂಚೆ ಯಾರೋ ಮತ್ತೆ ಮೆತ್ತಬೇಕು. ಆ ಖರ್ಚು ಯಾರ ಮೇಲೆ ಬಿತ್ತೋ! ಆದರೂ ರೋಗಿಯನ್ನು ಹೊತ್ತು ತಂದ ನಾಲ್ವರನ್ನು ಯೇಸು ಬೈಯಲಿಲ್ಲ. ಅವರ ನಂಬಿಕೆ ನೋಡಿದ ಅಂತ ಇದೆ.

ಸುಂಕದವರ ಮೇಲೆ ಜನರಿಗೆ ಯಾಕೆ ಅಷ್ಟು ಸಿಟ್ಟು?

ಕಪೆರ್ನೌಮ್ ಇದ್ದದ್ದು ಗಡಿಗೆ ಹತ್ತಿರ. ಯೊರ್ದನ್ ಹೊಳೆ ದಾಟಿದರೆ ಅಂತಿಪನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಫಿಲಿಪ್ಪನ ಸೀಮೆ. ಆ ಗಡಿಯಲ್ಲಿ ಸರಕು ದಾಟಿಸುವವರಿಂದ ಲೇವಿ ಸುಂಕ ಎತ್ತುತ್ತಿದ್ದ (2:14). ಹಣ ಹೋಗುತ್ತಿದ್ದದ್ದು ಅಂತಿಪನಿಗೆ. ಎತ್ತುವವರು ತಮ್ಮ ಪಾಲೂ ಸೇರಿಸಿ ಎತ್ತುತ್ತಾರೆ ಅನ್ನುವ ಅನುಮಾನ ಎಲ್ಲರಿಗೂ ಇತ್ತು. ಆ ಲೇವಿಯ ಮುಂದೆ ದಿನಾ ನಿಲ್ಲಬೇಕಾಗಿದ್ದವರು ಪೇತ್ರನಂಥವರೇ ಇರಬಹುದು. ಈಗ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಫರಿಸಾಯರ (ಕಟ್ಟಳೆಗೆ ಒತ್ತು ಕೊಡುತ್ತಿದ್ದ ಒಂದು ಯೆಹೂದಿ ಗುಂಪು) ಗೊಣಗಾಟ ಮಾತ್ರ ಬರಹದಲ್ಲಿದೆ. ಪೇತ್ರನ ಮುಖ ಹೇಗಿತ್ತೋ ಮಾರ್ಕ ಹೇಳಿಲ್ಲ.

"ಕೈಸರನದನ್ನು ಕೈಸರನಿಗೆ ಕೊಡಿ" ಅಂದರೆ ಸರ್ಕಾರ ಬೇರೆ, ಧರ್ಮ ಬೇರೆ ಅಂತಲಾ?

ಅದು ನಮ್ಮ ಕಾಲದ ಪ್ರಶ್ನೆ. ಅಲ್ಲಿ ನಡೆದದ್ದು ಒಂದು ಬಲೆ (12:13-17): ಕೈಸರನಿಗೆ, ಅಂದರೆ ರೋಮಿನ ಚಕ್ರವರ್ತಿಗೆ, ತೆರಿಗೆ ಕೊಡಬೇಕಾ ಬೇಡವಾ ಅಂತ ಯೇಸುವನ್ನು ಕೇಳಿದರು. ಜಾಗ ಯೆರೂಸಲೇಮ್. ಅಂದರೆ ನೇರವಾಗಿ ರೋಮಿಗೆ ತಲೆಗಂದಾಯ ಕಟ್ಟುವ ಸೀಮೆ. ಕ್ರಿ.ಶ. 6ರಲ್ಲಿ ಆ ಕಂದಾಯಕ್ಕಾಗಿ ಜನಗಣತಿ ನಡೆದಾಗ ಗಲಿಲಾಯದ ಯೂದ ಎಂಬವನು ದಂಗೆ ಎಬ್ಬಿಸಿದ್ದ. ದೇವರೊಬ್ಬನೇ ನಮ್ಮ ಒಡೆಯ ಅನ್ನುವುದು ಅವನ ಮಾತು. ಈಗ ಗಲಿಲಾಯದಿಂದಲೇ ಬಂದ ಇನ್ನೊಬ್ಬನನ್ನು ಅದೇ ಪ್ರಶ್ನೆ ಕೇಳುತ್ತಿದ್ದಾರೆ. ಕೊಡಬೇಡಿ ಅಂದರೆ ರಾಜದ್ರೋಹ. ಕೊಡಿ ಅಂದರೆ ಜನ ಕೈಬಿಡುತ್ತಾರೆ.

ಯೇಸುವಿನ ಹತ್ತಿರ ಆ ನಾಣ್ಯ ಇಲ್ಲ. ತರಿಸಿ ನೋಡುತ್ತಾನೆ. ಆಗಿನ ಚಕ್ರವರ್ತಿ ತಿಬೇರಿಯನ ಕಾಲದ ದಿನಾರಿ ಅನ್ನುವ ರೋಮನ್ ನಾಣ್ಯಗಳು ಬೇಕಾದಷ್ಟು ಸಿಕ್ಕಿವೆ. ಒಂದು ಬದಿ ಅವನ ತಲೆ, ಸುತ್ತ "ದೇವನಾದ ಔಗುಸ್ತನ ಮಗ ತಿಬೇರಿಯ" ಅನ್ನುವ ಬರಹ. ವಿಗ್ರಹ ಬೇಡ ಅನ್ನುವ ಜನ, ದೇವಾಲಯದ ಆವರಣ, ಅದರೊಳಗೆ ಆ ನಾಣ್ಯ ಅವರದೇ ಜೇಬಿನಿಂದ ಹೊರಬರುತ್ತದೆ. ಅವರು ಬೆರಗಾದದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ. ಕೈಸರನಿಗೆ ಸೇರಬೇಕಾದ್ದು ಎಷ್ಟು, ದೇವರಿಗೆ ಸೇರಬೇಕಾದ್ದು ಎಷ್ಟು ಅಂತ ಯೇಸು ಲೆಕ್ಕ ಹಾಕಿ ಕೊಡಲಿಲ್ಲ. ಲೆಕ್ಕ ಕೇಳಿದವರ ಮೇಲೇ ಬಿತ್ತು.

ಫರಿಸಾಯರು ಅಂದರೆ ಕಪಟಿಗಳು ಅಂತಲೇ ಕೇಳಿ ಬೆಳೆದಿದ್ದೇವೆ. ಅದು ಸರೀನಾ?

ಸರಿಯಲ್ಲ. ಈ ಪ್ರಶ್ನೆಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಾಗಿ ಓದಿದ್ದರಿಂದ ಜನರ ಪ್ರಾಣವೇ ಹೋಗಿದೆ.

ಫರಿಸಾಯರು ಯಾಜಕರ ಗುಂಪಲ್ಲ. ದೇವರ ಕಟ್ಟಳೆಯನ್ನು ದಿನದ ಬದುಕಿನಲ್ಲಿ, ಅಡುಗೆಮನೆಯಲ್ಲಿ, ಊಟದ ಹೊತ್ತಿನಲ್ಲಿ ಹೇಗೆ ಪಾಲಿಸಬೇಕು ಅಂತ ಯೋಚಿಸುತ್ತಿದ್ದವರು. ಜನರಿಗೆ ಅವರ ಮೇಲೆ ಗೌರವ ಇತ್ತು. ಮಡಿಯ ವಿಷಯ ಬರೀ ಅವರ ತಲೆಯಲ್ಲಿ ಇದ್ದದ್ದೂ ಅಲ್ಲ. ಗಲಿಲಾಯ, ಯೂದಾಯ ಎರಡೂ ಕಡೆ ಸಾಮಾನ್ಯರ ಮನೆಗಳಲ್ಲಿ ಮೆದುಕಲ್ಲಿನ ಲೋಟ, ಬೋಗುಣಿ, ದೊಡ್ಡ ಹಂಡೆಗಳು ಸಿಕ್ಕಿವೆ. ಮಣ್ಣಿನ ಪಾತ್ರೆಗೆ ಮೈಲಿಗೆ ತಾಗಿದರೆ ಒಡೆದು ಹಾಕಬೇಕು. ಕಲ್ಲಿಗೆ ಮೈಲಿಗೆ ತಾಗುವುದಿಲ್ಲ ಅನ್ನುವುದು ಅವರ ನಿಯಮ. ಅಂಥ ಪಾತ್ರೆ ಕೊರೆಯುತ್ತಿದ್ದ ಕಾರ್ಖಾನೆಯೊಂದು ನಜರೇತಿನ ಪಕ್ಕದ ರೆಯ್ನಾದಲ್ಲೇ ಪತ್ತೆಯಾಗಿದೆ. ಒಂದು ಕಲ್ಲಿನ ಲೋಟ ಕೊರೆಯುವುದು ಎಷ್ಟು ಹೊತ್ತಿನ ಕೆಲಸ ಯೋಚಿಸಿ. ರೈತರು ಅದಕ್ಕೆ ದುಡ್ಡು ಕೊಡುತ್ತಿದ್ದರು ಅಂದರೆ ಅವರಿಗೆ ಅದು ಮುಖ್ಯವಾಗಿತ್ತು. ರೋಮಿನ ನೆರಳಿನಲ್ಲಿ ತಾವು ಯಾರು ಅಂತ ಉಳಿಸಿಕೊಳ್ಳುವ ದಾರಿಯೂ ಅದಾಗಿತ್ತು.

ಶಿಷ್ಯರು ಕೈ ತೊಳೆಯದೆ ಉಂಡದ್ದಕ್ಕೆ ಏಳನೇ ಅಧ್ಯಾಯದಲ್ಲಿ ಎದ್ದ ಜಗಳ ಈ ಮನೆಯೊಳಗಿನ ಜಗಳ. ಯೇಸು ಯೆಹೂದಿ. ಶಿಷ್ಯರೆಲ್ಲ ಯೆಹೂದಿಯರು. ಕಟ್ಟಳೆ ಬೇಕೋ ಬೇಡವೋ ಅನ್ನುವುದು ಅವರ ವಾದ ಅಲ್ಲ. ಅದರಲ್ಲಿ ಯಾವುದು ಮೊದಲು ಅನ್ನುವುದು ವಾದ. ಸಬ್ಬತ್ (ವಾರದ ವಿಶ್ರಾಂತಿ ದಿನ) ಇರುವುದು ಮನುಷ್ಯನಿಗಾಗಿ ಅನ್ನುವ ಯೇಸುವಿನ ಮಾತಿಗೆ (2:27) ತೀರ ಹತ್ತಿರದ ಮಾತು ಯೆಹೂದಿ ಧರ್ಮಗುರುಗಳ ಬರಹಗಳಲ್ಲೂ ಇದೆ: ಸಬ್ಬತ್ತನ್ನು ನಿಮಗೆ ಕೊಟ್ಟಿದೆ, ನಿಮ್ಮನ್ನು ಸಬ್ಬತ್ತಿಗೆ ಕೊಟ್ಟಿಲ್ಲ ಅಂತ. ಯೇಸುವಿನ ಜೊತೆ ಪೂರ್ತಿ ಒಪ್ಪಿದ ಒಬ್ಬ ಶಾಸ್ತ್ರಿ (ಕಟ್ಟಳೆಯ ಪಂಡಿತ) ಮಾರ್ಕನಲ್ಲೇ ಸಿಗುತ್ತಾನೆ. ನೀನು ದೇವರ ರಾಜ್ಯಕ್ಕೆ ದೂರ ಇಲ್ಲ ಅಂತ ಯೇಸು ಅವನಿಗೆ ಹೇಳುತ್ತಾನೆ (12:34).

ಇನ್ನೊಂದು ಗಮನಿಸಿ. 12:13 ಆದ ಮೇಲೆ ಮಾರ್ಕನಲ್ಲಿ ಫರಿಸಾಯರ ಹೆಸರೇ ಇಲ್ಲ. ಬಂಧನ, ವಿಚಾರಣೆ, ಶಿಲುಬೆ, ಯಾವುದರಲ್ಲೂ ಇಲ್ಲ. ಅಲ್ಲಿ ಇರುವವರು ಮಹಾಯಾಜಕರು ಮತ್ತು ಅವರ ಕೂಟ, ಅಂದರೆ ರೋಮಿನ ಜೊತೆ ಹೊಂದಿಕೊಂಡು ಅಧಿಕಾರ ಉಳಿಸಿಕೊಂಡವರು. ಮಹಾಯಾಜಕನನ್ನು ನೇಮಿಸುತ್ತಿದ್ದವನೇ ರೋಮನ್ ಅಧಿಕಾರಿ. ಶಿಕ್ಷೆ ಕೊಟ್ಟವನು ಪಿಲಾತ, ಮೊಳೆ ಹೊಡೆದವರು ಅವನ ಸೈನಿಕರು. ಹೀಗಿದ್ದೂ ಶತಮಾನಗಟ್ಟಲೆ ಯೂರೋಪಿನ ಕ್ರೈಸ್ತರು ಇಡೀ ಯೆಹೂದಿ ಜನಾಂಗದ ಮೇಲೆ ಆ ರಕ್ತ ಹೊರಿಸಿ ಅವರನ್ನು ಓಡಿಸಿದರು, ಕೊಂದರು. ಆ ಸಾವಿಗೆ ಅಂದಿನ ಎಲ್ಲ ಯೆಹೂದಿಯರನ್ನಾಗಲಿ ಇಂದಿನವರನ್ನಾಗಲಿ ಹೊಣೆ ಮಾಡಬಾರದು ಅಂತ ಕಥೋಲಿಕ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದು 1965ರಲ್ಲಿ. ಕನ್ನಡದ ಪ್ರಸಂಗಗಳಲ್ಲಿ ಇವತ್ತಿಗೂ "ಯೆಹೂದಿಯರು ಕೊಂದರು" ಅಂತ ಲೀಲಾಜಾಲವಾಗಿ ಬರುತ್ತದೆ. ದಯವಿಟ್ಟು ನಿಲ್ಲಿಸೋಣ.

ಸ್ನಾನಿಕನಾದ ಯೋಹಾನನ ಸಾವಿನ ಕಥೆ ಬೈಬಲ್‌ನ ಹೊರಗೂ ಇದೆಯಾ?

ಇದೆ, ಜೋಸೆಫಸ್‌ನಲ್ಲಿ. ಇಬ್ಬರೂ ಹೇಳುವುದು ಒಂದೇ ಸಾವು, ಕಾರಣ ಬೇರೆ ಬೇರೆ. ಮಾರ್ಕನಲ್ಲಿ (6:17-29) ಹುಟ್ಟುಹಬ್ಬದ ಔತಣ, ಹುಡುಗಿಯ ಕುಣಿತ, ಅಂತಿಪನ ಹೆಂಡತಿ ಹೆರೋದ್ಯಳ ಹಗೆ, ತಟ್ಟೆಯಲ್ಲಿ ತಲೆ. ಜೋಸೆಫಸ್ ಪ್ರಕಾರ ಯೋಹಾನನ ಹಿಂದೆ ಜನ ಸೇರುತ್ತಿದ್ದದ್ದು ನೋಡಿ ದಂಗೆ ಏಳಬಹುದು ಅಂತ ಅಂತಿಪ ಹೆದರಿದ. ಮೃತ ಸಮುದ್ರದ ಪೂರ್ವಕ್ಕಿರುವ ಮಕೇರಸ್ ಕೋಟೆಗೆ ಕಳಿಸಿ ಕೊಲ್ಲಿಸಿದ.

ಎರಡನ್ನೂ ಸೇರಿಸಿ ಓದಿದರೆ ವಿಷಯ ಬಿಚ್ಚಿಕೊಳ್ಳುತ್ತದೆ. ಹೆರೋದ್ಯಳನ್ನು ಮದುವೆ ಆಗುವುದಕ್ಕೆ ಅಂತಿಪ ತನ್ನ ಮೊದಲ ಹೆಂಡತಿಯನ್ನು ಬಿಡಲು ಹೊರಟಿದ್ದ. ಆಕೆ ಪಕ್ಕದ ನಬತೇಯರ ಅರಸ ಅರೇತನ ಮಗಳು. ಅವಳು ತವರಿಗೆ ಓಡಿಹೋದಳು. ಮುಂದೆ ಅರೇತ ಯುದ್ಧಕ್ಕೆ ಬಂದು ಅಂತಿಪನ ಸೈನ್ಯವನ್ನು ಮಣ್ಣುಮುಕ್ಕಿಸಿದ. ಯೋಹಾನನನ್ನು ಕೊಂದದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅಂತ ಜನ ಆಡಿಕೊಂಡರು. ಹೀಗಾಗಿ ಆ ಮದುವೆ ತಪ್ಪು ಅಂತ ಯೋಹಾನ ಹೇಳಿದ್ದು (6:18) ನೀತಿಪಾಠ ಅಷ್ಟೇ ಆಗಿರಲಿಲ್ಲ, ಗಡಿ ರಾಜಕೀಯಕ್ಕೂ ಕೈ ಹಾಕಿದ ಹಾಗೆ. ವಿವರಗಳಲ್ಲಿ ವ್ಯತ್ಯಾಸವೂ ಇದೆ: ಹೆರೋದ್ಯಳ ಮೊದಲ ಗಂಡ ಫಿಲಿಪ್ಪ ಅಂತ ಮಾರ್ಕ ಹೇಳುತ್ತಾನೆ, ಜೋಸೆಫಸ್ ಬೇರೊಬ್ಬ ಹೆರೋದ ಅನ್ನುತ್ತಾನೆ. ಮಾರ್ಕ ಅಂತಿಪನನ್ನು ಅರಸ ಅಂತ ಕರೆಯುತ್ತಾನೆ. ಆ ಪಟ್ಟ ಅವನಿಗೆ ಕೊನೆಗೂ ಸಿಗಲಿಲ್ಲ. ಹೆಂಡತಿಯ ಒತ್ತಾಯಕ್ಕೆ ಅದನ್ನು ಕೇಳಲು ರೋಮಿಗೆ ಹೋಗಿ ಕ್ರಿ.ಶ. 39ರಲ್ಲಿ ಇದ್ದದ್ದನ್ನೂ ಕಳಕೊಂಡು ಗಡಿಪಾರಾದ.

ತೂರ್ ಸೀಮೆಯ ಹೆಂಗಸಿಗೆ ಯೇಸು ಅಷ್ಟು ಒರಟಾಗಿ ಮಾತಾಡಿದ್ದು ಯಾಕೆ?

ಮಗಳನ್ನು ವಾಸಿಮಾಡು ಅಂತ ಬೇಡಿದ ಆ ಪರನಾಡಿನವಳಿಗೆ ಯೇಸು ಹೇಳಿದ, ಮಕ್ಕಳ ರೊಟ್ಟಿ ತೆಗೆದು ನಾಯಿಮರಿಗಳಿಗೆ ಹಾಕುವುದು ಸರಿಯಲ್ಲ ಅನ್ನುವ ಮಾತು (7:27) ಓದಿ ಬಹಳ ಜನ ನೊಂದುಕೊಳ್ಳುತ್ತಾರೆ. ಅವಳ ನಂಬಿಕೆ ಪರೀಕ್ಷಿಸಲು ಹಾಗೆ ಅಂದ ಅಂತ ಸಮಾಧಾನ ಹೇಳುವುದು ರೂಢಿ. ಮಾರ್ಕ ಹಾಗೆ ಹೇಳಿಲ್ಲ.

ತೂರ್ ದೊಡ್ಡ ಬಂದರು, ದುಡ್ಡಿನ ಪಟ್ಟಣ. ಅದು ನಿಂತಿದ್ದ ಜಾಗದಲ್ಲಿ ಬೆಳೆ ಕಡಿಮೆ. ಧಾನ್ಯ ಬರಬೇಕಾದ್ದು ಒಳನಾಡಿನಿಂದ, ಗಲಿಲಾಯದಿಂದಲೂ. ತೂರ್, ಸೀದೋನಿನವರಿಗೆ ಆಹಾರ ಅರಸ ಹೆರೋದನ (ಅಂತಿಪ ಅಲ್ಲ, ಅವನ ನಂತರ ಆಳಿದವನು) ಸೀಮೆಯಿಂದ ಬರುತ್ತಿತ್ತು ಅಂತ ಅಪೊಸ್ತಲರ ಕೃತ್ಯಗಳಲ್ಲೂ ಇದೆ (12:20). ಬೆಳೆ ಕೈಕೊಟ್ಟ ವರ್ಷವೂ ದುಡ್ಡಿದ್ದವರು ಕೊಂಡುಹೋಗುತ್ತಾರೆ, ಬೆಳೆದವನ ಮಕ್ಕಳು ಹಸಿದಿರುತ್ತಾರೆ. ಹೀಗೆ ನೋಡಿದರೆ ರೊಟ್ಟಿ, ಮಕ್ಕಳು ಅನ್ನುವ ಮಾತಿನ ಹಿಂದೆ ಗಲಿಲಾಯದ ಹಳ್ಳಿಯ ಹಳೇ ನೋವು ಇದೆ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ನನಗೂ ಅದು ಒಪ್ಪುವ ಮಾತು. ಅಷ್ಟಾದರೂ ನಾಯಿ ಅನ್ನುವ ಹೋಲಿಕೆ ಮೆತ್ತಗಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಅವಳು ಆ ಮಾತನ್ನೇ ಹಿಡಿದು ತಿರುಗಿಸಿದಳು: ಮಕ್ಕಳು ಬೀಳಿಸಿದ ಚೂರು ನಾಯಿಮರಿಗಳೂ ತಿನ್ನುತ್ತವಲ್ಲ! ಇಡೀ ಮಾರ್ಕನಲ್ಲಿ ಯೇಸುವಿನ ಜೊತೆ ವಾದ ಮಾಡಿ ಗೆದ್ದವಳು ಇವಳೊಬ್ಬಳೇ. ನೀನು ಹೀಗೆ ಹೇಳಿದ್ದರಿಂದ ಹೋಗು, ಮಗಳಿಗೆ ವಾಸಿಯಾಗಿದೆ ಅಂತ ಯೇಸುವೇ ಒಪ್ಪಿಕೊಂಡ. ಮುಂದಿನ ಅಧ್ಯಾಯದಲ್ಲಿ ನಾಲ್ಕು ಸಾವಿರ ಜನ ಹೊಟ್ಟೆ ತುಂಬ ಉಣ್ಣುತ್ತಾರೆ.

ದ್ರಾಕ್ಷೆ ತೋಟದ ಗೇಣಿದಾರರ ಸಾಮ್ಯದಲ್ಲಿ ಅಷ್ಟೊಂದು ಹಿಂಸೆ ಯಾಕೆ?

ಬೆಳೆಯ ಪಾಲು ಕೇಳಲು ಬಂದ ಆಳುಗಳನ್ನು, ಕೊನೆಗೆ ಒಡೆಯನ ಮಗನನ್ನೂ ಗೇಣಿದಾರರು ಕೊಲ್ಲುವ ಕಥೆ ಅದು (ಯೇಸು ಪಾಠಕ್ಕಾಗಿ ಹೇಳಿದ ಇಂಥ ಕಥೆಗೆ ಸಾಮ್ಯ ಅನ್ನುತ್ತಾರೆ). ಹಿಂಸೆ ಯಾಕೆಂದರೆ ಅಂಥ ತೋಟಗಳೂ ಅಂಥ ಸಿಟ್ಟೂ ಅಲ್ಲಿ ಇದ್ದವು. ದೂರದ ಒಡೆಯ, ಹೊಲದಲ್ಲಿ ಗೇಣಿದಾರ ಅನ್ನುವ ವ್ಯವಸ್ಥೆ ಆ ನಾಡಿನಲ್ಲಿ ಹಳೆಯದು. ಕ್ರಿ.ಪೂ. ಮೂರನೇ ಶತಮಾನದಲ್ಲೇ ಈಜಿಪ್ಟಿನ ಹಣಕಾಸು ಮಂತ್ರಿ ಅಪೊಲೋನಿಯಸ್‌ಗೆ ಗಲಿಲಾಯದಲ್ಲಿ ದ್ರಾಕ್ಷೆ ತೋಟ ಇತ್ತು. ಅದರ ಕಾಗದಪತ್ರ ಈಜಿಪ್ಟಿನಲ್ಲಿ ಸಿಕ್ಕಿದೆ. ಸಾಲ ತೀರದೆ ಹೊಲ ಕಳಕೊಂಡವರು ಅದೇ ಹೊಲದಲ್ಲಿ ಗೇಣಿಗೆ ದುಡಿಯುವುದೂ ಇತ್ತು. ಕ್ರಿ.ಶ. 66ರಲ್ಲಿ ರೋಮಿನ ವಿರುದ್ಧ ದಂಗೆ ಎದ್ದಾಗ ಯೆರೂಸಲೇಮಿನಲ್ಲಿ ದಂಗೆಕೋರರು ಮೊದಮೊದಲು ಸುಟ್ಟದ್ದರಲ್ಲಿ ಸಾಲಪತ್ರಗಳ ಕಚೇರಿಯೂ ಒಂದು. ಇದನ್ನು ಬರೆದ ಜೋಸೆಫಸ್ ದಂಗೆಕೋರರ ಪರ ಇದ್ದವನೇನಲ್ಲ.

ಮಾರ್ಕನ ಸಾಮ್ಯ (12:1-12) ಪ್ರವಾದಿ ಯೆಶಾಯನ ದ್ರಾಕ್ಷೆ ತೋಟದ ಹಾಡನ್ನೂ ನೆನಪಿಸುತ್ತದೆ. ಕೇಳುತ್ತಿದ್ದ ಮಹಾಯಾಜಕರಿಗೆ ಇದು ತಮ್ಮ ಮೇಲೆಯೇ ಹೇಳಿದ್ದು ಅಂತ ತಕ್ಷಣ ಗೊತ್ತಾಯಿತು.

ವಿಧವೆಯ ಎರಡು ಕಾಸು: ಇದು ಕಾಣಿಕೆಗೆ ಮಾದರಿ ಅಲ್ವಾ?

ಕಾಣಿಕೆ ಭಾನುವಾರಗಳಲ್ಲಿ ಈ ಭಾಗ ತಪ್ಪದೆ ಓದುತ್ತಾರೆ. ಆದರೆ ಮೇಲಿನ ವಚನದಿಂದ ಓದಲು ಶುರು ಮಾಡಿ. 12:40ರಲ್ಲಿ ಶಾಸ್ತ್ರಿಗಳು ವಿಧವೆಯರ ಮನೆಗಳನ್ನು ನುಂಗುತ್ತಾರೆ ಅಂತ ಯೇಸು ಹೇಳುತ್ತಾನೆ. ಆಮೇಲೆ ಒಬ್ಬ ವಿಧವೆ ತನ್ನ ಜೀವನಕ್ಕಿದ್ದದ್ದನ್ನೆಲ್ಲ ದೇವಾಲಯದ ಪೆಟ್ಟಿಗೆಗೆ ಹಾಕುತ್ತಾಳೆ. ಅದಾದ ತಕ್ಷಣ, ಈ ಕಟ್ಟಡದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅನ್ನುತ್ತಾನೆ (13:2). ಮೂರನ್ನೂ ಒಟ್ಟಿಗೆ ಓದಿದರೆ ಯೇಸು ಅವಳನ್ನು ಹೊಗಳಿದ ಹಾಗೆ ಕೇಳಿಸುತ್ತದೋ, ಅವಳಿಗಾಗಿ ಸಂಕಟಪಟ್ಟ ಹಾಗೋ? "ನೀವೂ ಹೀಗೆ ಮಾಡಿ" ಅಂತ ಅವನು ಹೇಳಿಲ್ಲ. ಅವಳ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೆ ಅವಳ ಕೊನೆಯ ಕಾಸು ತೆಗೆದುಕೊಳ್ಳುವ ವ್ಯವಸ್ಥೆಯ ಬಗ್ಗೆ ಸುಮ್ಮನಿದ್ದು ಅವಳನ್ನು ಮಾತ್ರ ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ದೇವಾಲಯ ಬೀಳುತ್ತದೆ ಅಂತ ಇರುವುದರಿಂದ ಸುವಾರ್ತೆ ಬರೆದದ್ದು ಅದು ಬಿದ್ದ ಮೇಲೆ ಅಂತ ಆಗುತ್ತದಾ?

ಅಷ್ಟು ಸುಲಭವಾಗಿ ಆಗುವುದಿಲ್ಲ. ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ತೀತನ ಸೈನ್ಯ ದೇವಾಲಯವನ್ನು ಸುಟ್ಟಿತು. ಮಾರ್ಕ ಬೆಂಕಿಯ ಮಾತೇ ಎತ್ತುವುದಿಲ್ಲ. ಆವರಣದ ಹೊರಗೋಡೆ ಬಿದ್ದಿಲ್ಲ, ಯೆಹೂದಿಯರು ಇವತ್ತಿಗೂ ಪ್ರಾರ್ಥಿಸುವ ಪಶ್ಚಿಮದ ಗೋಡೆ ಅದೇ. ಅದರಲ್ಲಿ 13 ಮೀಟರಿಗೂ ಉದ್ದದ ಕಲ್ಲು ಇದೆ. ಬಿದ್ದ ಮೇಲೆ ನೋಡಿ ಬರೆದಿದ್ದರೆ ವಿವರ ಬೇರೆ ಇರುತ್ತಿತ್ತು ಅನ್ನುವುದು ಒಂದು ವಾದ. ಈ ಅಧ್ಯಾಯದ ಯುದ್ಧದ ಗದ್ದಲ, ಬೆಟ್ಟಕ್ಕೆ ಓಡಿಹೋಗಿ ಅನ್ನುವ ಆತುರ ನೋಡಿದರೆ ಯುದ್ಧ ನಡೆಯುತ್ತಿದ್ದಾಗಲೋ ಮುಗಿದ ಕೂಡಲೇ ಬರೆದ ಹಾಗಿದೆ ಅನ್ನುವುದು ಇನ್ನೊಂದು. ಯೇಸುವಿಗಿಂತ ಮುಂಚೆ ಪ್ರವಾದಿ ಯೆರೆಮೀಯನೂ ದೇವಾಲಯ ಬೀಳುತ್ತದೆ ಅಂದಿದ್ದ. ಹಾಗಾಗಿ ಆ ಮಾತು ಯೇಸುವೇ ಆಡಿರುವುದರಲ್ಲಿ ಆಶ್ಚರ್ಯ ಏನಿಲ್ಲ.

ಶಿಲುಬೆ ಶಿಕ್ಷೆಗೆ ಪುರಾತತ್ವದ ಸಾಕ್ಷಿ ಇದೆಯಾ?

1968ರಲ್ಲಿ ಯೆರೂಸಲೇಮಿನ ಉತ್ತರದ ಒಂದು ಗುಹೆ ಸಮಾಧಿಯಲ್ಲಿ ಯೆಹೋಹಾನಾನ್ ಅನ್ನುವವನ ಎಲುಬಿನ ಪೆಟ್ಟಿಗೆ ಸಿಕ್ಕಿತು. ಹಿಮ್ಮಡಿಯ ಎಲುಬಿನಲ್ಲಿ ಮೊಳೆ ಹಾಗೇ ಇತ್ತು. ತುದಿ ಬಾಗಿದ್ದರಿಂದ ಮನೆಯವರಿಗೆ ಕೀಳಲು ಆಗಿರಲಿಲ್ಲ. ಶಿಲುಬೆಗೆ ಹಾಕಿದವರಲ್ಲಿ ಕೆಲವರನ್ನಾದರೂ ಮನೆಯವರು ಸಮಾಧಿ ಮಾಡುತ್ತಿದ್ದರು ಅಂತ ಇದರಿಂದ ತಿಳಿಯುತ್ತದೆ. ಆ ಶಿಕ್ಷೆ ಗುಲಾಮರಿಗೆ, ದಂಗೆಕೋರರಿಗೆ ಮೀಸಲು. "ಯೆಹೂದಿಯರ ಅರಸ" ಅನ್ನುವ ಫಲಕ ಒಂದು ರಾಜಕೀಯ ಆರೋಪ.

ಪವಾಡಗಳನ್ನು ಇತಿಹಾಸ ಒಪ್ಪುತ್ತದಾ?

ನಡೆಯಿತೋ ಇಲ್ಲವೋ ಅಂತ ತೀರ್ಪು ಕೊಡುವ ಸಾಧನ ಇತಿಹಾಸದ ಹತ್ತಿರ ಇಲ್ಲ. ಆದರೆ 3:22 ನೋಡಿ. ವಿರೋಧಿಗಳು ಕೂಡ ಇವನು ದೆವ್ವ ಬಿಡಿಸುತ್ತಿಲ್ಲ ಅನ್ನುವುದಿಲ್ಲ, ಯಾರ ಬಲದಿಂದ ಬಿಡಿಸುತ್ತಾನೆ ಅಂತ ಕೇಳುತ್ತಾರೆ. ಜಗಳ ಇದ್ದದ್ದು ಅಲ್ಲಿ.

ಕೊನೆಯಲ್ಲಿ 16:9ರಿಂದ 20ರವರೆಗಿನ ಭಾಗ ಮೂಲದಲ್ಲಿ ಇಲ್ಲ ಅನ್ನುತ್ತಾರಲ್ಲ?

ನಾಲ್ಕನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳು, ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್, 16:8ಕ್ಕೇ ನಿಲ್ಲುತ್ತವೆ. ಹೆಂಗಸರು ಸಮಾಧಿಯಿಂದ ಓಡಿಹೋದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ, ಅಷ್ಟೇ. ಮುಂದಿನ ವಚನಗಳು ಆಮೇಲೆ ಸೇರಿದವು ಅಂತ ಹೆಚ್ಚಿನವರ ಅಭಿಪ್ರಾಯ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ರೋಮಿನ ಕ್ರೈಸ್ತರನ್ನು ಹಿಂಸಿಸಿ ಕೊಂದ. ಅಂಥ ದಿನಗಳಲ್ಲಿ ಹೆದರಿ ಬಾಯಿ ಮುಚ್ಚಿಕೊಂಡವರೂ, ಓಡಿಹೋದವರೂ ಈ ಪುಸ್ತಕ ಓದುವುದನ್ನು ಕೇಳುತ್ತಾ ಕೂತಿದ್ದರು ಅಂತ ಊಹಿಸಿಕೊಳ್ಳಿ. ಗಂಡಸು ಶಿಷ್ಯರು ಮೊದಲೇ ಓಡಿದ್ದರು. ಶಿಲುಬೆಯ ತನಕ ಬಂದ ಮಗ್ದಲದ ಮರಿಯ, ಸಲೋಮೆಯಂಥವರೂ ಈಗ ಓಡಿದರು. ಆದರೂ ಸುದ್ದಿ ಆ ಕೇಳುಗರ ತನಕ ಬಂದು ಮುಟ್ಟಿತ್ತಲ್ಲ.

ಇಷ್ಟೆಲ್ಲ ಕೆದಕಿದರೆ ನಂಬಿಕೆ ಹೋಗುವುದಿಲ್ವಾ?

ನನ್ನ ನಂಬಿಕೆ ಹೋಗಿಲ್ಲ. ಕೆಲವು ಸುಲಭದ ಉತ್ತರಗಳು ಹೋಗಿವೆ. ದೇವರು ಮನುಷ್ಯನಾಗಿ ಬಂದ ಅಂತ ನಾವು ಹೇಳುತ್ತೇವೆ. ಮನುಷ್ಯ ಅಂದ ಮೇಲೆ ಒಂದು ಊರು, ಒಂದು ಕಾಲ, ಒಂದು ಆಡುಮಾತು, ಕಟ್ಟಲೇಬೇಕಾದ ಒಂದು ತೆರಿಗೆ ಇರಲೇಬೇಕು. ಅದನ್ನೆಲ್ಲ ತಿಳಿಯುವುದು ನಂಬಿಕೆಗೆ ವಿರೋಧ ಹೇಗಾಗುತ್ತದೆ? ಕ್ರೈಸ್ತರಲ್ಲದವರೂ ಇದೇ ರೀತಿ ಓದಬಹುದು. ನಂಬಲೇಬೇಕು ಅನ್ನುವ ಷರತ್ತು ಇಲ್ಲ.

ಗ್ರೀಕ್ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಕನ್ನಡ ಬೈಬಲ್ ಸಾಕು. ಸಾಧ್ಯವಾದರೆ ಎರಡು ಅನುವಾದ ಪಕ್ಕಪಕ್ಕ ಇಟ್ಟುಕೊಳ್ಳಿ. ಮೊದಲು ಇಡೀ ಸುವಾರ್ತೆಯನ್ನು ಒಂದೇ ಸಲ ಜೋರಾಗಿ ಓದಿ, ಟಿಪ್ಪಣಿ ಯಾವುದೂ ಬೇಡ. ಅಂದಿನ ಹೆಚ್ಚಿನ ಜನ ಇದನ್ನು ಕಿವಿಯಿಂದಲೇ ಕೇಳಿದ್ದು. ಎರಡನೇ ಸಲ ಒಂದು ಭೂಪಟ ಇಟ್ಟುಕೊಂಡು ಓದಿ. 7:31ರಲ್ಲಿ ತೂರಿನಿಂದ ಸೀದೋನಿನ ಮೇಲೆ ಗಲಿಲಾಯಕ್ಕೆ ಬಂದ ದಾರಿ ಬೆರಳಿಟ್ಟು ನೋಡಿದರೆ ಅದು ಎಂಥ ಸುತ್ತುದಾರಿ ಅಂತ ಗೊತ್ತಾಗುತ್ತದೆ. ಮಾರ್ಕನಿಗೆ ಆ ಸೀಮೆ ಎಷ್ಟು ಪರಿಚಯ ಇತ್ತು ಅನ್ನುವ ಚರ್ಚೆ ಹುಟ್ಟಿದ್ದೇ ಇಂಥ ಕಡೆ. ಮೂರನೇ ಸಲ ಊಟ, ದುಡ್ಡು, ಮನೆ, ಅಧಿಕಾರಿ ಬರುವ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಾ ಹೋಗಿ.

ಇನ್ನೂ ಆಳಕ್ಕೆ ಹೋಗಬೇಕು ಅನಿಸಿದರೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬೆಂಗಳೂರಿನಲ್ಲಿ 1910ರಿಂದ ಇರುವ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇಂಥ ಓದಿನ ಜಾಗಗಳು. ಗುಂಪಿನಲ್ಲಿ ಓದುವುದಾದರೆ ಮೀನು ಮಾರುವವರು, ಗೇಣಿ ಹೊಲ ಮಾಡುವವರು, ಮನೆಗೆಲಸಕ್ಕೆ ಹೋಗುವವರು ಇದ್ದರೆ ಮೊದಲು ಅವರನ್ನು ಮಾತಾಡಲು ಬಿಡಿ. ಪಾದ್ರಿಗಳು ಕೊನೆಗೆ ಮಾತಾಡಲಿ.